ಸೋರುವ ಕಾರಿಗೆ ಬ್ಯಾಡಗಿ ಪರೀಕ್ಷೆ

ಮಳೆ ಬಂದಾಗ ರಾಣೆಬೆನ್ನೂರಿನಲ್ಲಿ ಎಲ್ಲರ ಕಾರುಗಳೂ ಹೊರಗೆ ನೆನೆಯುತ್ತವೆ. ನಮ್ಮದು ಒಳಗೆ ನೆನೆಯುತ್ತದೆ. ಇದನ್ನು ನಾನು ಹೆಮ್ಮೆಯಿಂದ ಹೇಳುತ್ತಿಲ್ಲ. ಹತ್ತೊಂಬತ್ತು ವರ್ಷದ ಆ ಬಿಳಿ ಕಾರು ನಮ್ಮ ವಂಶದ ಮೊದಲ ಕಾರು ಎಂಬುದನ್ನು ಮಾತ್ರ ಹೆಮ್ಮೆಯಿಂದಲೇ ಹೇಳುತ್ತೇನೆ. ನಮ್ಮ ಮನೆತನದಲ್ಲಿ ಮೊದಲು ಪದವಿ ಪಡೆದವನು ನಾನು, ಮೊದಲು ಸ್ಟಿಯರಿಂಗ್ ಹಿಡಿದವನೂ ನಾನು. ನನ್ನ ಹಿಂದಿನವರೆಲ್ಲ ಎತ್ತಿನ ಚಕ್ಕಡಿಯಲ್ಲಿ ಓಡಾಡಿದವರು. (ಚಕ್ಕಡಿಯಲ್ಲಿ ಎಂದೂ ನೀರು ನಿಲ್ಲುತ್ತಿರಲಿಲ್ಲ. ಯಾಕೆಂಬುದು ನನಗೆ ಬಹಳ ತಡವಾಗಿ ಹೊಳೆಯಿತು.)

ನಾನು ಬೀಜದ ಕಂಪನಿಯೊಂದರ ಪ್ರಯೋಗಾಲಯದಲ್ಲಿದ್ದೇನೆ. ಬೀಜದಲ್ಲಿ ತೇವಾಂಶ ಎಷ್ಟಿದೆ, ನೂರಕ್ಕೆ ಎಷ್ಟು ಮೊಳೆಯುತ್ತವೆ ಎಂದು ಪರೀಕ್ಷಿಸಿ ಬರೆದಿಡುವುದು ನನ್ನ ಕೆಲಸ. ಅಂದರೆ ತೇವ ಎನ್ನುವುದು ನನ್ನ ಅಧ್ಯಯನದ ವಿಷಯ. ಅದೇ ತೇವ ನನ್ನ ಕಾರಿನಲ್ಲಿ ಕುಳಿತು ನನ್ನನ್ನೇ ಅಧ್ಯಯನ ಮಾಡತೊಡಗುತ್ತದೆ ಎಂದು ಯಾವ ಪ್ರಾಧ್ಯಾಪಕರೂ ನನಗೆ ಕಲಿಸಿರಲಿಲ್ಲ.

ಜುಲೈ ತಿಂಗಳ ಒಂದು ಮುಂಜಾನೆ ನನ್ನ ಹೆಂಡತಿ ಪುಷ್ಪಲತಾ ಕಾರಿನ ಎಡಗಡೆಯ ಮ್ಯಾಟು ಎತ್ತಿ ನಿಂತಿದ್ದಳು.

"ರೀ, ಲಗೂ ಬರ್ರಿ. ನಿಮ್ಮ ಹೊಲಾ ನೋಡ್ರಿ."

ನೋಡಿದೆ. ಮ್ಯಾಟಿನ ಕೆಳಗೆ ಮೆಕ್ಕೆಜೋಳ ಮೊಳೆತಿತ್ತು. ಯಾವಾಗಲೋ ಹರಿದ, ಐವತ್ತು ಕಾಳಿನ ನಮೂನೆಯ ಪೊಟ್ಟಣದಿಂದ ಬಿದ್ದ ಕಾಳು, ಬೆಳ್ಳಗೆ, ಸಾಲಾಗಿ, ಏಕಾಗ್ರತೆಯಿಂದ ತಲೆ ಎತ್ತಿದ್ದವು. ನಾನು ಮೊಣಕಾಲೂರಿ ಎಣಿಸಿದೆ.

"ನಲವತ್ತೆಂಟು! ಪುಷ್ಪಾ, ಶೇಕಡಾ ತೊಂಬತ್ತಾರು! ಇದೇ ಬೀಜ ನಮ್ಮ ಲ್ಯಾಬಿನ್ಯಾಗ ತೊಂಬತ್ತೆರಡು ದಾಟಿಲ್ಲ!"

"ನಿನ್ನೆ ಹಾವೇರಿ ಮದವ್ಯಾಗ ನನ್ನ ಸೀರಿ ನೆರಿಗಿ ಎಷ್ಟು ಪರ್ಸೆಂಟ್ ತೊಯ್ದಿತ್ತು ಅದನ್ನೂ ಬರಕೊಳ್ರಿ," ಎಂದಳು ಪುಷ್ಪಲತಾ. "ಸ್ಟೇಜ್ ಮ್ಯಾಲೆ ಹೋದ್ರ ಹೆಜ್ಜಿ ಹೆಜ್ಜಿಗೆ ಪಚ್ ಪಚ್ ಅನ್ನಾಕತ್ತಿತ್ತು. ಮದಲಿಂಗನೂ ತಿರುಗಿ ನೋಡಿದಾ."

ಆಮೇಲೆ ಮೊಳಕೆಗಳ ಎದುರಿನಲ್ಲೇ ತೀರ್ಪು ಕೊಟ್ಟಳು. "ಇನ್ನೊಂದು ವಾರ ಬಿಟ್ಟು ನಮ್ಮವ್ವ ಬರತಾಳ. ರವಿವಾರ ಸಂಜಿಗೆ ಆಕಿನ್ನ ಇದ ಕಾರಿನ್ಯಾಗ ಬ್ಯಾಡಗಿಗೆ ಬಿಟ್ಟ ಬರೂದು. ಅವ್ವನ ಕಾಲು ಒಂದು ಹನಿ ತೊಯ್ದ್ರ, ಸೋಮವಾರ ಕಾರು ದಾದಾಸಾಬನ ಅಂಗಡಿಗೆ."

ದಾದಾಸಾಬನದು ನಮ್ಮ ಓಣಿಯ ತಿರುವಿನಲ್ಲಿರುವ ಗುಜರಿ ಅಂಗಡಿ. ನಮ್ಮ ವಂಶದ ಮೊದಲ ಕಾರು ಅಲ್ಲಿ ಮುರುಕು ಕಪಾಟು, ತುಕ್ಕು ಹಿಡಿದ ಕೂಲರುಗಳ ನಡುವೆ ಮಲಗುವ ದೃಶ್ಯ ಕಣ್ಣಿಗೆ ಕಟ್ಟಿತು. ಅದೇ ಕ್ಷಣ ನೂರು ಪುಟದ ನೋಟ್‌ಬುಕ್ ತಂದು, ಮೇಲೆ 'ಸೋರಿಕೆ' ಎಂದು ದುಂಡಗೆ ಬರೆದೆ.

ನಾನು ಯಾವುದನ್ನೂ ಅರ್ಧಕ್ಕೆ ಬಿಡುವವನಲ್ಲ. ನೀರು ತೂತಿನಿಂದ ಬರುತ್ತದೆ. ಆದ್ದರಿಂದ ತೂತುಗಳನ್ನು ಮುಚ್ಚಬೇಕು. ಇದು ನನ್ನ ಸಿದ್ಧಾಂತ. ಎಂ-ಸೀಲ್ ಪೊಟ್ಟಣಗಳನ್ನೂ ಸಿಲಿಕಾನ್ ಅಂಟಿನ ಟ್ಯೂಬುಗಳನ್ನೂ ತಂದು ಕಾರಿನ ಮೇಲೆ ದಂಡಯಾತ್ರೆ ಹೊರಟೆ. ಮುಂದಿನ ಗಾಜಿನ ಸುತ್ತ ಅಂಟು ಹಾಕಿದೆ. ನಾಲ್ಕು ಕಿಟಕಿಗಳ ಗಾಜಿನ ಅಂಚಿಗೂ ಹಾಕಿದೆ. ಬಾಗಿಲುಗಳ ತಳದಲ್ಲಿ ನೋಡಿದರೆ, ಆಶ್ಚರ್ಯ, ಒಂದೊಂದು ಬಾಗಿಲಿಗೂ ಎರಡೆರಡು ತೂತು! ಇಷ್ಟು ದೊಡ್ಡ ಯಂತ್ರ ಮಾಡಿದವರಿಗೆ ಎಂಟು ತೂತು ಮುಚ್ಚಲು ಪುರುಸೊತ್ತಾಗಲಿಲ್ಲವಲ್ಲ ಎಂದು ಮರುಗಿ, ಅವರ ಪರವಾಗಿ ನಾನೇ ಮುಚ್ಚಿದೆ. ಬಾನೆಟ್ಟು ಎತ್ತಿದರೆ ಗಾಜಿನ ಬುಡದಲ್ಲಿ ಒಂದು ಕಾಲುವೆಯಂಥದ್ದು, ಅದರ ಮೂಲೆಯಲ್ಲಿ ಹೆಬ್ಬೆರಳು ಹಿಡಿಸುವ ಇನ್ನೊಂದು ತೂತು. ಅದರ ಅರ್ಧಕ್ಕೆ ಬೇವಿನ ಎಲೆ ಕಟ್ಟಿಕೊಂಡಿತ್ತು. ಉಳಿದರ್ಧವನ್ನು ಎಂ-ಸೀಲ್ ತುಂಬಿ ಭದ್ರಪಡಿಸಿದೆ. ಹನ್ನೊಂದನೆಯ ಪುಟದಲ್ಲಿ 'ಕಾರ್ಯ ಮುಕ್ತಾಯ' ಎಂದು ಬರೆದು ಅಡಿಗೆರೆ ಎಳೆದೆ.

ಮರುದಿನ ಮಳೆ ಬಂತು. ಮ್ಯಾಟು ತೇಲಿತು.

ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಈಗ ಕಾರು ತಿರುವಿನಲ್ಲಿ ತಿರುಗಿದರೆ ನಾಲ್ಕೂ ಬಾಗಿಲುಗಳ ಹೊಟ್ಟೆಯಿಂದ 'ಡುಳು ಡುಳು' ಎಂಬ ನಾದ ಕೇಳಿಬರುತ್ತಿತ್ತು.

"ಕಾರು ತಗೊಂಡೀರೋ, ನೀರಿನ ಟ್ಯಾಂಕರ್ ತಗೊಂಡೀರೋ?" ಎಂದಳು ಪುಷ್ಪಲತಾ.

ನಾದ ಕೇಳಿ ದಾದಾಸಾಬ ಅಂಗಡಿಯಿಂದ ಎದ್ದು ಬಂದ. ಬಾನೆಟ್ಟನ್ನು ಕಲ್ಲಂಗಡಿ ಬಡಿದು ನೋಡುವ ಹಾಗೆ ಬೆರಳಿನಿಂದ ಬಡಿದ. "ಸಾಹೇಬ್ರ, ತಗಡು ಗಟ್ಟಿ ಐತ್ರಿ. ಅವಸರ ಏನಿಲ್ರಿ. ನಾ ಕಾಯ್ತೇನ್ರಿ," ಎಂದ. ಇಷ್ಟು ಮೃದುವಾದ ಬೆದರಿಕೆಯನ್ನು ನಾನು ಎಂದೂ ಕೇಳಿರಲಿಲ್ಲ.

ಶನಿವಾರ ಮಧ್ಯಾಹ್ನ ಅತ್ತೆ ಹೊನ್ನವ್ವನವರು ಬಸ್ಸಿನಲ್ಲಿ ಬಂದಿಳಿದರು. ಕೈಯಲ್ಲಿ ಒಣಮೆಣಸಿನಕಾಯಿ ತುಂಬಿದ ತಗಡಿನ ಡಬ್ಬಿ. ಅವರು ಮೂವತ್ತು ವರ್ಷ ಬ್ಯಾಡಗಿಯ ಮೆಣಸಿನಕಾಯಿ ಅಂಗಡಿಯಲ್ಲಿ ಕಾಯಿಯ ತೊಟ್ಟು ಬಿಡಿಸಿ, ಆರಿಸಿ, ಬೇರೆ ಬೇರೆ ಗುಂಪು ಮಾಡಿದವರು. ಓದು ಬರಹ ಇಲ್ಲ. ಇನ್ನೊಂದು ವಿಷಯ: ಅಳಿಯನೊಡನೆ ನೇರವಾಗಿ ಮಾತಾಡಬಾರದು ಎಂಬ ಹಳೆಯ ಮರ್ಯಾದೆಯನ್ನು ಹನ್ನೆರಡು ವರ್ಷದಿಂದ ಒಂದಕ್ಷರ ತಪ್ಪದಂತೆ ಪಾಲಿಸಿಕೊಂಡು ಬಂದಿದ್ದಾರೆ. ನಾನು ಮೂರಡಿ ದೂರದಲ್ಲಿದ್ದರೂ ಮಾತು ಮಗಳ ಮೂಲಕವೇ ಬರಬೇಕು. ಮಗಳು ಒಳಗಿದ್ದರೆ ಬಾಗಿಲಿಗೆ ಹೇಳುತ್ತಾರೆ. ನಾನು ಬಾಗಿಲ ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳುತ್ತೇನೆ.

"ಪುಷ್ಪಾ," ಎಂದರು ಕಾರಿನ ಹತ್ತಿರ ನಿಂತು, "ನಿಮ್ಮನಿಯವ್ರಿಗೆ ಕೇಳು, ಇದರಾಗ ಏನರ ಕೊಳಿಯಾಕ ಇಟ್ಟಾರೇನು? ಕಮಟು ವಾಸನಿ ಬರಾಕತ್ತೈತಿ."

ಪುಷ್ಪಲತಾ ಇಡೀ ವೃತ್ತಾಂತವನ್ನು ವರದಿ ಮಾಡಿದಳು. (ಮೆಕ್ಕೆಜೋಳದ ಭಾಗವನ್ನು ಎರಡು ಸಲ ಹೇಳಿದಳು.) ನಾನು ನೋಟ್‌ಬುಕ್ ಮುಂದೆ ಚಾಚಿದೆ. ಅತ್ತೆ ಅದನ್ನು ತೆಗೆದುಕೊಂಡು, ಪುಟ ತಿರುವದೆ ಹಾಳೆಯನ್ನು ಎರಡು ಬೆರಳಲ್ಲಿ ಉಜ್ಜಿ ಹಿಂದೆ ಕೊಟ್ಟರು.

"ಈ ಪುಸ್ತಕನೂ ತೊಯ್ದೈತಿ. ನಿಮ್ಮನಿಯವ್ರಿಗೆ ಹೇಳು, ನಾಳೆ ಮುಂಜಾನೆ ಕಾರು ಖಾಲಿ ಮಾಡಿ ಬಿಸಲಿಗೆ ಒಣಗಸಾಕ. ಮೂವತ್ತು ವರ್ಷ, ತೂಕ ಬರಲೆಂತ ನೀರು ಹೊಡದ ಕಾಯಿ ಹಿಡದೇನಿ. ಚೀಲದ ನಡುವ ಒಂದು ಮುಷ್ಟಿ ಹಸೀ ಕಾಯಿ ಮುಚ್ಚಿಟ್ರೂ ಬಿಟ್ಟಿಲ್ಲ. ಕಾರೇನು, ಇದೂ ಒಂದು ಚೀಲ."

ರವಿವಾರ ದೈವವಶಾತ್ ಬಿಸಿಲು ಬಂತು. ಸೀಟುಗಳನ್ನು ಕಿತ್ತು ಮಾಳಿಗೆಯ ಮೇಲಿಟ್ಟೆ. ಮಧ್ಯಾಹ್ನದ ಹೊತ್ತಿಗೆ ಕಾರಿನ ತಳ ಒಣಗಿ ಗರಿಗರಿಯಾಯಿತು. ಆಗ ಅತ್ತೆ ಡಬ್ಬಿ ತೆರೆದರು. ಒಂದು ಕಾಯಿ ತೆಗೆದು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಒಳಗಿನ ಬೀಜ 'ಗಿಲ್ ಗಿಲ್' ಎಂದಿತು.

"ಒಣಾ ಕಾಯಿ ಮಾತಾಡತೈತಿ," ಎಂದು ಮಗಳಿಗೆ ಹೇಳಿದರು. "ಹಸೀ ಹಿಡೀತಂದ್ರ ಬಾಯಿ ಮುಚ್ಚತೈತಿ."

ಆಮೇಲೆ ಕಾರಿನೊಳಗೆ ಹತ್ತಿ, ಬಾಗಿಲ ಬುಡಕ್ಕೆ, ಮೂಲೆ ಮೂಲೆಗೆ, ಡ್ಯಾಶ್‌ಬೋರ್ಡಿನ ಕೆಳಗೆ ಒಂದೊಂದು ಕಾಯಿ ಇಟ್ಟರು. ಬಾಗಿಲು ಹಾಕಿಕೊಂಡು ಒಳಗೇ ಕುಳಿತರು. ಹೊರಗೆ ನಾನು ಕೊಡಗಟ್ಟಲೆ ನೀರು ಸುರಿದೆ. ಹದಿನೈದು ನಿಮಿಷದ ಮೇಲೆ ಅತ್ತೆ ಒಂದೊಂದೇ ಕಾಯಿ ಎತ್ತಿ, ಕಣ್ಣು ಮುಚ್ಚಿ, ಕಿವಿಗೆ ಹಿಡಿದು ಅಲ್ಲಾಡಿಸಿದರು. ಗಿಲ್ ಗಿಲ್. ಗಿಲ್ ಗಿಲ್. ನಮ್ಮ ಲ್ಯಾಬಿನಲ್ಲಿ ತೇವಾಂಶ ಅಳೆಯುವ ಯಂತ್ರವಿದೆ. ಅದಕ್ಕೆ ಕರೆಂಟು ಬೇಕು, ಕಾಳು ಪುಡಿ ಮಾಡಬೇಕು, ಹತ್ತು ನಿಮಿಷ ಕಾಯಬೇಕು. ಇಲ್ಲಿ ಒಬ್ಬ ಹೆಂಗಸು ಒಂದು ಕಿವಿಯಿಂದ ಇಡೀ ಪ್ರಯೋಗಾಲಯ ನಡೆಸುತ್ತಿದ್ದರು. ಕೈಯಲ್ಲಿ ಖಾಲಿ ಕೊಡ ಹಿಡಿದು, ಬಾಯಿ ತೆರೆದು ನಾನು ನೋಡುತ್ತ ನಿಂತೆ.

ಎಡಗಡೆ ಡ್ಯಾಶ್‌ಬೋರ್ಡಿನ ಕೆಳಗಿನ ಕಾಯಿ ಮಾತಾಡಲಿಲ್ಲ.

ಅತ್ತೆ ಅದೇ ಜಾಗದಲ್ಲಿ ಕೆಳಗಿನಿಂದ ಮೇಲಕ್ಕೆ ಮೂರು ಕಾಯಿ ಸಿಕ್ಕಿಸಿದರು. ಇನ್ನೆರಡು ಕೊಡ ನೀರು. ಈ ಸಲ ಮೂರೂ ಮೌನ. ಎಲ್ಲಕ್ಕಿಂತ ಮೇಲಿನದು, ಗಾಳಿ ಊದುವ ಫ್ಯಾನಿನ ಬಾಯಿಯ ಹತ್ತಿರದ್ದು, ಪೂರ್ತಿ ಮೆತ್ತಗಾಗಿತ್ತು.

"ನೀರು ಬಾಗಿಲದಿಂದ ಬಂದಿಲ್ಲ. ಮ್ಯಾಲಿಂದ ಇಳದೈತಿ. ಪುಷ್ಪಾ, ಆ ಮುಚ್ಚಳಾ ಎತ್ತಾಕ ಹೇಳು."

ಬಾನೆಟ್ಟು ಎತ್ತಿದೆ. ಗಾಜಿನ ಬುಡದ ಕಾಲುವೆಯಲ್ಲಿ ನೀರು ತುಂಬಿ, ಮೇಲೆ ಬೇವಿನೆಲೆ ತೇಲುತ್ತ, ಸಣ್ಣ ಕೆರೆಯೊಂದು ಶಾಂತವಾಗಿ ಮಲಗಿತ್ತು. ಕೆರೆ ತುಂಬಿ ಕೋಡಿ ಬಿದ್ದ ನೀರು ಫ್ಯಾನಿನ ಬಾಯಿಯಿಂದ ನೇರ ನಮ್ಮ ಕಾರಿನೊಳಗೆ ಇಳಿಯುತ್ತಿತ್ತು. ಅತ್ತೆ ಮೊಣಕೈವರೆಗೆ ಕೈ ಇಳಿಸಿ ಮೂಲೆಯಲ್ಲಿ ತಡವಿದರು.

"ಪುಷ್ಪಾ, ಇಲ್ಲೆ ಕಲ್ಲಿನಂಥಾದ್ದು ಏನೋ ಮೆತ್ಯಾರ. ಯಾರು ಮೆತ್ತಿದ್ದು ಕೇಳು."

ಪುಷ್ಪಲತಾ ನನ್ನ ಕಡೆ ತಿರುಗಿದಳು. "ಯಾರ್ರೀ?"

"ನಾನು," ಎಂದೆ ಪುಷ್ಪಲತಾಳಿಗೆ.

"ಇವ್ರು," ಎಂದಳು ಅವಳು ತಾಯಿಗೆ.

ಅತ್ತೆ ತಲೆ ಎತ್ತಿ, ಕಾರಿನ ಮೇಲೆ ಬಾಗಿದ್ದ ಬೇವಿನ ಗಿಡವನ್ನು ನೋಡಿದರು. "ಮಳಿ ಅಂದ ಮ್ಯಾಲೆ ನೀರು ಬರೂದ. ಬಂದ ನೀರು ಹೋಗಾಕ ದಾರಿ ಬ್ಯಾಡೇನು? ಎಲಿ ಬಿದ್ದು ಅರ್ಧಾ ಮುಚ್ಚಿತ್ತು, ಅದಕ್ಕ ಸ್ವಲ್ಪ ಸೋರತಿತ್ತು. ನಿಮ್ಮನಿಯವ್ರು ಪೂರಾ ಮುಚ್ಚಿ ಕೆರಿ ಕಟ್ಟ್ಯಾರ."

ಚಕ್ಕಡಿಯಲ್ಲಿ ನೀರು ನಿಲ್ಲುತ್ತಿರಲಿಲ್ಲ, ಯಾಕೆಂದರೆ ಹಲಗೆಗಳ ನಡುವೆ ಸಂದಿಗಳಿದ್ದವು. ನಮ್ಮಜ್ಜ ಪದವೀಧರನಾಗಿರಲಿಲ್ಲವಾದ್ದರಿಂದ ಅವನ್ನು ಮುಚ್ಚಲು ಹೋಗಿರಲಿಲ್ಲ.

ಸ್ಕ್ರೂಡ್ರೈವರಿನಿಂದ ಕುಟ್ಟಿ ಎಂ-ಸೀಲ್ ಒಡೆದು, ಎಲೆಯೆಲ್ಲ ಬಾಚಿ ತೆಗೆದೆ. ಕೆರೆ 'ಗೊಳ್' ಎಂದು ಬರಿದಾಯಿತು. ಅತ್ತೆ ಬಗ್ಗಿ ಬಾಗಿಲಿನ ತಳ ತೋರಿಸಿದರು. ಅಲ್ಲಿಯದನ್ನೂ ಕಿತ್ತೆ. ವಾರದ ಮಳೆಯೆಲ್ಲ ನನ್ನ ಕಾಲ ಮೇಲೆ ಸುರಿಯಿತು. ಉಳಿದ ಮೂರು ಬಾಗಿಲುಗಳ ಅಭಿಷೇಕವನ್ನೂ ಮಾಡಿಸಿಕೊಂಡೆ. ಮತ್ತೆ ನೀರು ಸುರಿದು, ಕಾಯಿ ಇಟ್ಟು ನೋಡಿದೆವು. ಒಳಗಿನ ಕಾಯಿಗಳೆಲ್ಲ ಒಟ್ಟಿಗೆ ಮಾತಾಡಿದವು.

ಅಲ್ಲಿಗೆ ಮುಗಿಸಬೇಕಿತ್ತು. ಆದರೆ ಒಂದೇ ವಿಧಾನದ ಫಲಿತಾಂಶವನ್ನು ನಂಬಬಾರದೆಂದು ಕಲಿತವನು ನಾನು. ಅತ್ತೆ, ಪುಷ್ಪಲತಾ ಚಹಾಕ್ಕೆ ಒಳಗೆ ಹೋದಾಗ ಅಡುಗೆಮನೆಯ ಹಿಂಬಾಗಿಲಿನಿಂದ ಒಂದು ಬಟ್ಟಲು ಖಾರದಪುಡಿ ತಂದೆ. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು. ಆ ಕಾಲುವೆಗೂ ಫ್ಯಾನಿನ ಬಾಯಿಗೂ ಪುಡಿ ಉದುರಿಸಿ ನೀರು ಹಾಕಿದರೆ, ಸೋರಿಕೆ ಉಳಿದಿದ್ದ ಪಕ್ಷದಲ್ಲಿ ಒಳಗೆ ಕೆಂಪು ಗೆರೆ ಮೂಡಲೇಬೇಕು. ಮೂಡಲಿಲ್ಲ. ಕೆಂಪು ನೀರೆಲ್ಲ ಚಕ್ರದ ಹಿಂದಿನಿಂದ ನೆಲಕ್ಕಿಳಿಯಿತು. ಹನ್ನೆರಡನೆಯ ಪುಟದಲ್ಲಿ 'ದೃಢಪಟ್ಟಿದೆ' ಎಂದು ಬರೆದೆ. ಫ್ಯಾನಿನ ಬಾಯಿಯೊಳಗೆ ನೀರು ತಲುಪಿರಲಿಲ್ಲ. ಅಂದ ಮೇಲೆ ಅಲ್ಲಿ ಬಿದ್ದ ಪುಡಿ ಒಣಗಿಯೇ ಉಳಿದಿರುತ್ತದೆ ಎಂಬ ತರ್ಕವನ್ನು ಮಾತ್ರ ಮುಂದಿನ ಪುಟಕ್ಕೆ ಬಿಟ್ಟೆ.

ಸೀಟುಗಳನ್ನು ಮತ್ತೆ ಕೂರಿಸಿ ನಾಲ್ಕು ಗಂಟೆಗೆ ಹೊರಟೆವು. ಅತ್ತೆ ಎಡಗಡೆ ಮುಂದಿನ ಸೀಟಿನಲ್ಲಿ, ಪುಷ್ಪಲತಾ ಹಿಂದೆ. ಓಣಿಗಿಳಿಯುವಷ್ಟರಲ್ಲಿ ಮಳೆ ಧೋ ಎಂದು ಸುರಿಯತೊಡಗಿತು. ಪುಷ್ಪಲತಾ ಬಗ್ಗಿ ತಾಯಿಯ ಪಾದಗಳನ್ನೇ ನೋಡುತ್ತಿದ್ದಳು. ನಾನೂ ಒಂದು ಕಣ್ಣಿನಿಂದ ಅದನ್ನೇ ನೋಡುತ್ತಿದ್ದೆ. ಒಂದು ಹನಿಯೂ ಇಲ್ಲ! ನಮ್ಮ ವಂಶದ ಕಾರು ಉಳಿಯಿತು!

ಅಷ್ಟರಲ್ಲಿ ಗಾಜಿನ ಮೇಲೆ ಒಳಗಿನಿಂದ ಮಬ್ಬು ಕವಿಯಿತು. ನಾನು ಧೀರತನದಿಂದ ಫ್ಯಾನಿನ ಗುಂಡಿ ತಿರುವಿದೆ. ಪೂರ್ತಿ.

ಬ್ಯಾಡಗಿ ಮೆಣಸಿನಕಾಯಿಗೆ ಖಾರ ಕಡಿಮೆ ಎನ್ನುವವರು ಅದನ್ನು ಮುಚ್ಚಿದ ಕಾರಿನಲ್ಲಿ, ಫ್ಯಾನಿನ ವೇಗದಲ್ಲಿ, ಮುಖಕ್ಕೆ ಹೊಡೆಸಿಕೊಂಡು ನೋಡಬೇಕು. ಕೆಂಪು ಮೋಡವೊಂದು ನನ್ನ ಕಣ್ಣು, ಮೂಗು, ಗಂಟಲುಗಳನ್ನು ಒಟ್ಟಿಗೆ ವಶಪಡಿಸಿಕೊಂಡಿತು. ಫ್ಯಾನು ಆರಿಸಿ ಕಿಟಕಿ ಇಳಿಸಲು ಹೋದೆ. ಕಿಟಕಿ ಅಲುಗಲಿಲ್ಲ. ನಾನು ಹಾಕಿದ ಅಂಟು ನಂಬಿಗಸ್ತನಂತೆ ಹಿಡಿದು ನಿಂತಿತ್ತು. ಹಿಂದೆ ಪುಷ್ಪಲತಾ ಸೆರಗು ಮೂಗಿಗೊತ್ತಿ, "ರೀ, ಏನ್ ಮಾಡೀರಿ ಮತ್ತ!" ಎಂದು ಒದರುತ್ತಿದ್ದಳು. ಪಕ್ಕದಲ್ಲಿ ಅತ್ತೆ ನೆಟ್ಟಗೆ ಕುಳಿತು, ಉಸಿರೆಳೆದು, "ಪುಷ್ಪಾ, ಪುಡಿ ಹದಾ ಚಲೋ ಆಗೈತಿ," ಎಂದರು.

ನಾನು ಕಾರು ನಿಲ್ಲಿಸಿ, ಬಾಗಿಲು ತೆರೆದು ಮಳೆಗೆ ಬಿದ್ದೆ. ನಿಂತದ್ದು ಸರಿಯಾಗಿ ದಾದಾಸಾಬನ ಅಂಗಡಿಯ ಮುಂದೆ. ಕಣ್ಣಿನಿಂದ ಧಾರಾಕಾರ ನೀರು ಸುರಿಸುತ್ತ, ಬಿಕ್ಕುತ್ತ ನಿಂತ ನನ್ನನ್ನು ನೋಡಿ ಅವನು ಛತ್ರಿ ಹಿಡಿದು ಓಡಿ ಬಂದ.

"ಅಳಬ್ಯಾಡ್ರಿ ಸಾಹೇಬ್ರ! ಇಷ್ಟು ಸಂಕಟಾ ಆದ್ರ ಕೊಡಬ್ಯಾಡ್ರಿ. ನನಗೇನು, ನಾಕು ಕೂಲರ್ ಅದಾವು. ನಿಮ್ಮ ಗಾಡಿ ನೀವ ಇಟ್ಟುಕೊಳ್ರಿ!" ಅವನ ಕಣ್ಣೂ ತುಂಬಿತ್ತು. (ಬಾಗಿಲು ತೆರೆದೇ ಇತ್ತು.)

"ಕೊಡೂದಿಲ್ರೀ ಸಾಬರ," ಎಂದಳು ಪುಷ್ಪಲತಾ ಇಳಿದು ಬಂದು, ತಾನೂ ಕಣ್ಣೊರೆಸಿಕೊಳ್ಳುತ್ತ. "ನಮ್ಮವ್ವನ ಕಾಲು ಒಣಾ ಒಣ ಅದಾವು. ಕಾರು ಸೋರೂದು ನಿಂತೈತಿ. ಈಗ ಇವ್ರು ಸೋರಾಕತ್ತಾರ."

ಹೊನ್ನವ್ವನವರು ಒಣಗಿದ ಪಾದಗಳನ್ನು ಜೋಪಾನವಾಗಿ ಒಳಗೇ ಇಟ್ಟುಕೊಂಡು, ತಮ್ಮ ಕಡೆಯ ಬಾಗಿಲು ತೆರೆದು ತಲೆ ಮಾತ್ರ ಹೊರಗೆ ಹಾಕಿದರು. ಮಗಳನ್ನು ನೋಡಲಿಲ್ಲ. ಬಾಗಿಲಿಗೂ ಹೇಳಲಿಲ್ಲ. ನನ್ನನ್ನೇ ನೋಡಿದರು.

"ಅಳಿಯಂದಿರ, ಮೂಗಿಗೆ ಮಾತ್ರ ಏನೂ ಮೆತ್ತಬ್ಯಾಡ್ರಿ. ಅದು ನೀರು ಹೋಗೂ ದಾರಿ."

ಹನ್ನೆರಡು ವರ್ಷದಲ್ಲಿ ಅವರು ನನಗೇ ಹೇಳಿದ ಮೊದಲ ಮಾತು. ಜನ್ಮ ಸಾರ್ಥಕವಾದಂತೆ ಅನಿಸಿ, ಕೈ ಮುಗಿದು, ತಕ್ಕ ಉತ್ತರ ಕೊಡಲು ಬಾಯಿ ತೆರೆದೆ. ಸೀನು ಬಂತು.