ಹುಲಿ ಪತಂಗದ ದಡಿ

ಕೊಟ್ರಪ್ಪನ ಸೀನು ಒಂದಕ್ಕೆ ನಿಲ್ಲುವ ಜಾತಿಯದಲ್ಲ. ಮೂರರ ಒಳಗೆ ಮುಗಿದರೆ ಅದನ್ನು ಅವನು ಸೀನು ಎಂದೇ ಹಿಡಿಯುತ್ತಿರಲಿಲ್ಲ. ಆ ಗುರುವಾರ ಬೆಳಿಗ್ಗೆ ಒಂಬತ್ತೂವರೆಗೆ, ಬೆಟಗೇರಿಯ ಕಾಲೇಜೊಂದರ ಪ್ರಾಣಿಶಾಸ್ತ್ರದ ಲ್ಯಾಬಿನಲ್ಲಿ ಸ್ಟೂಲಿನ ಮೇಲೆ ನಿಂತು, ಗೋಡೆಯ ಹನ್ನೆರಡು ಗಾಜಿನ ಪೆಟ್ಟಿಗೆಗಳಲ್ಲಿ ಒಂದನ್ನು ಒರೆಸಲೆಂದು ಇಳಿಸುವಾಗ ಅವನಿಗೆ ಏಳು ಸೀನು ಬಂದವು. ಆರನೆಯದರವರೆಗೆ ಪೆಟ್ಟಿಗೆ ಕೈಯಲ್ಲೇ ಇತ್ತು.

ಪೆಟ್ಟಿಗೆಯೊಳಗೆ ಇದ್ದದ್ದು ಇಪ್ಪತ್ನಾಲ್ಕು ಹುಲಿ ಪತಂಗಗಳು. ಹುಲಿ ಎಂದ ಮಾತ್ರಕ್ಕೆ ಹೆದರಬೇಕಾಗಿಲ್ಲ, ರಾತ್ರಿ ದೀಪಕ್ಕೆ ಬಂದು ಬಡಿದುಕೊಳ್ಳುವ ಹುಳುಗಳೇ. ಬಿಸಿಲು ನಾಡಿನಲ್ಲಿ ಹೆಚ್ಚು. ಮೈಮೇಲೆ ಪಟ್ಟೆ ಚುಕ್ಕೆ ಇರುವುದರಿಂದ ಆ ಹೆಸರು. ಎಂದೋ ನಿವೃತ್ತರಾದ ಪ್ರೊಫೆಸರೊಬ್ಬರು ಅವನ್ನು ಹಿಡಿದು, ಒಂದೊಂದಕ್ಕೂ ಬೆನ್ನಿಗೆ ಸೂಜಿ ಚುಚ್ಚಿ, ಆರಾರರಂತೆ ನಾಲ್ಕು ಸಾಲು ಮಾಡಿ ನಿಲ್ಲಿಸಿದ್ದರು. ಒಂದೊಂದು ಸಾಲಿಗೆ ಒಂದೊಂದು ಜಾತಿ. ಈಗ ಮುಚ್ಚಳ ಕಳಚಿತು, ಗಾಜು ಒಡೆಯಲಿಲ್ಲ, ಅದೊಂದೇ ಪುಣ್ಯ. ಸಾಲಿನ ತಲೆಗೆ ಅಂಟಿಸಿದ್ದ ನಾಲ್ಕು ಹೆಸರಿನ ಚೀಟಿಗಳೂ ಅಲುಗದೆ ಕುಳಿತಿದ್ದವು. ಹೆಸರಿನವರೆಲ್ಲ ನೆಲದ ಮೇಲೆ ಬಿದ್ದಿದ್ದರು.

ಕೊಟ್ರಪ್ಪ ಸ್ಟೂಲಿನ ಮೇಲೆಯೇ ಕುಸಿದು ಕುಳಿತ. ಯಾವುದು ಯಾವ ಸಾಲಿನಲ್ಲಿತ್ತು ಎಂದು ನೆನಪಿಸಿಕೊಳ್ಳಲು ನೋಡಿದ. ಇಪ್ಪತ್ತಾರು ವರ್ಷ ಆ ಪೆಟ್ಟಿಗೆಯನ್ನು ಒರೆಸಿದ್ದ, ನಿಜ. ಆದರೆ ಪ್ರತಿ ಸಲವೂ ಮುಖ ಆ ಕಡೆ ತಿರುಗಿಸಿಕೊಂಡೇ ಒರೆಸಿದ್ದ. ಪತಂಗದ ರೆಕ್ಕೆಯ ಹುಡಿ ಮತ್ತು ಡಾಂಬರು ಗುಳಿಗೆಯ ವಾಸನೆ ಎರಡೂ ಸೇರಿದರೆ ಅವನ ಉಸಿರೇ ಕಟ್ಟುತ್ತಿತ್ತು. ಎಷ್ಟೋ ರಾತ್ರಿ ಅವನು ಗೋಡೆಗೆ ಒರಗಿ ಕುಳಿತೇ ನಿದ್ದೆ ಮಾಡುತ್ತಿದ್ದ. ಹೆಂಡತಿ ಸಾವಿತ್ರೆವ್ವ ಎಬ್ಬಿಸಿ ಬಿಸಿನೀರು ಕೊಡುತ್ತಿದ್ದಳು. ಆ ಲ್ಯಾಬನ್ನು ಬಿಡದಿದ್ದರೆ ಯಾವ ಔಷಧಿಯೂ ನಾಟುವುದಿಲ್ಲ ಎಂದು ಗದಗಿನ ಡಾಕ್ಟರು ಕೈಚೆಲ್ಲಿದ್ದರು.

ಬಿಡುವ ದಿನ ಅಂತೂ ಬಂದಿತ್ತು. ಮೇಲಿನ ಮಹಡಿಯ ಲೈಬ್ರರಿಯಲ್ಲಿ ಅಟೆಂಡರ್ ಜಾಗ ಖಾಲಿಯಾಗಿತ್ತು. ದೊಡ್ಡ ಕಿಟಕಿ, ಕುರ್ಚಿ, ತಲೆಯ ಮೇಲೊಂದು ಫ್ಯಾನು. ಕೊಟ್ರಪ್ಪನ ಹೆಸರಿಗೆ ವರ್ಗದ ಆದೇಶ ಟೈಪಾಗಿ ಫೈಲಿನಲ್ಲಿತ್ತು, ಪ್ರಿನ್ಸಿಪಾಲರ ಸಹಿಯೊಂದು ಬಾಕಿ. ಅವರು ಒಂದೇ ಕರಾರು ಹಾಕಿದ್ದರು: ಗುರುವಾರ ಮಧ್ಯಾಹ್ನ ಕಾಲೇಜಿಗೆ ದರ್ಜೆ ಕೊಡುವ ಕಮಿಟಿ ಬರುತ್ತದೆ, ಪ್ರಾಣಿಶಾಸ್ತ್ರದ ಮೇಲೆ ಒಂದು ಮಾತೂ ಬರಬಾರದು, ಬರದಿದ್ದರೆ ಅದೇ ಸಂಜೆ ಸಹಿ.

ಅಷ್ಟರಲ್ಲಿ ಸದ್ದು ಕೇಳಿ ಪಕ್ಕದ ರಸಾಯನಶಾಸ್ತ್ರದ ಅಟೆಂಡರ್ ವೆಂಕಟೇಶ ಓಡಿಬಂದ. ಲಕ್ಕುಂಡಿಯಿಂದ ದಿನಾ ಬಸ್ಸಿಗೆ ಬರುವ ಈ ತರುಣ ಯಾರ ಕಷ್ಟವನ್ನೂ ನೋಡಿ ಸುಮ್ಮನಿರುವವನಲ್ಲ. ಸುಮ್ಮನಿದ್ದಿದ್ದರೆ ಎಷ್ಟೋ ಜನರ ಕಷ್ಟ ಅಲ್ಲಿಗೇ ಮುಗಿಯುತ್ತಿತ್ತು. ಕೊಟ್ರಪ್ಪನ ಮುಖದ ಬೆವರು ನೋಡಿ ಅವನಿಗೆ ಮರುಕ ಬಂತು. ಹೋಗಿ ಫ್ಯಾನು ಹಾಕಿದ.

ಮೂವತ್ತು ವರ್ಷದ ಮೇಲೆ ಆ ಪತಂಗಗಳು ಮತ್ತೊಮ್ಮೆ ಹಾರಿದವು. ಒಂದು ಕಪ್ಪೆಯ ಬಾಟಲಿಯ ಹಿಂದೆ ಹೋಯಿತು, ನಾಲ್ಕು ಸಿಂಕಿಗೆ ಬಿದ್ದವು, ಎರಡು ಮೂಲೆಯಲ್ಲಿದ್ದ ಅಸ್ಥಿಪಂಜರದ ಪಕ್ಕೆಲುಬಿನಲ್ಲಿ ಹೋಗಿ ಕುಳಿತವು. ಕೊಟ್ರಪ್ಪ ಅಂಗೈಯಲ್ಲಿ ಮೂಗು ಮುಚ್ಚಿಕೊಂಡು ಇನ್ನೊಂದು ಕೈಯಿಂದ ಸ್ವಿಚ್ಚು ಹುಡುಕಿದ.

ಲೈಬ್ರರಿಯ ತಾರಾಬಾಯಿ ಬಂದದ್ದು ಆಗಲೇ. ಇನ್ನು ಮುಂದೆ ತಮ್ಮ ಕೈಕೆಳಗೆ ಬರುವ ಮನುಷ್ಯ ಹೇಗೆ ಕೆಲಸ ಮಾಡುತ್ತಾನೆ ನೋಡಿಹೋಗೋಣ ಎಂದು ಇಳಿದು ಬಂದಿದ್ದರು. ನೋಡಿದರು. ಬಾಗಿಲಿಗೆ ಚಿಲಕ ಹಾಕಿ, ಸೆರಗು ಬಿಗಿದುಕೊಂಡು ಹುಡುಕಲು ನಿಂತರು. ಹತ್ತೂಮುಕ್ಕಾಲಿಗೆ ಟೇಬಲ್ಲಿನ ಮೇಲೆ ಇಪ್ಪತ್ಮೂರು ಪತಂಗಗಳು ಸೇರಿದವು. ಇನ್ನೊಂದು ಎಲ್ಲಿಯೂ ಇಲ್ಲ.

ಇಪ್ಪತ್ಮೂರನ್ನಾದರೂ ಜೋಡಿಸಬೇಕಲ್ಲ. ವೆಂಕಟೇಶನಿಗೆ ಥಟ್ಟನೆ ಹೊಳೆಯಿತು. ಹೋದ ವರ್ಷದ ವಿಜ್ಞಾನ ಪ್ರದರ್ಶನದಲ್ಲಿ ಅವನು ಇದೇ ಪೆಟ್ಟಿಗೆಯ ಫೋಟೊ ಹೊಡೆದಿದ್ದ. ಮೊಬೈಲಿನಲ್ಲಿ ಹುಡುಕಿ ತೆಗೆದ. ಫೋಟೊ ಬಹಳ ಚೆನ್ನಾಗಿ ಬಂದಿತ್ತು. ಪೆಟ್ಟಿಗೆಯ ಮುಂದೆ ಪ್ರಿನ್ಸಿಪಾಲರು ಕೈಕಟ್ಟಿ ನಿಂತಿದ್ದರು, ಅವರ ಬಲಗಿವಿಯ ಪಕ್ಕದಲ್ಲಿ ಒಂದು ರೆಕ್ಕೆ ಕಾಣುತ್ತಿತ್ತು.

ಆಮೇಲೆ ಸಲಹೆಗಳು ಶುರುವಾದವು. ಶಾಲೆಯ ಗ್ರೂಪ್ ಫೋಟೊದಲ್ಲಿ ನಿಲ್ಲಿಸುವಂತೆ ದೊಡ್ಡವು ಹಿಂದೆ, ಸಣ್ಣವು ಮುಂದೆ ಎಂದ ವೆಂಕಟೇಶ. ಬಣ್ಣ ನೋಡಿ ಇಡುವುದೇ ಸರಿ ಎಂದರು ತಾರಾಬಾಯಿ. ಕೆಂಪಿನದು ಕೆಂಪಿನ ಜೋಡಿ, ಹಳದಿಯದು ಹಳದಿಯ ಜೋಡಿ, ಹೆಸರು ಹೊಂದದಿದ್ದರೂ ನೋಡಲಿಕ್ಕಾದರೂ ಚಂದ. ಇಬ್ಬರೂ ಸೇರಿ ಜೋಡಿಸತೊಡಗಿದರು. ಒಬ್ಬರು ಇಟ್ಟದ್ದನ್ನು ಇನ್ನೊಬ್ಬರು ತೆಗೆದರು. ಎಳೆದಾಟದಲ್ಲಿ ಒಂದಕ್ಕೆ ಮೀಸೆ ಮುರಿಯಿತು, ಎರಡಕ್ಕೆ ರೆಕ್ಕೆ ಕಳಚಿತು. ಕೊಟ್ರಪ್ಪ ಕಣ್ಣು ಮುಚ್ಚಿಕೊಂಡ. ಲೈಬ್ರರಿಯ ಕಿಟಕಿ ಮೆಲ್ಲಗೆ ಮುಚ್ಚಿಕೊಳ್ಳುತ್ತಿರುವಂತೆ ಅವನಿಗೆ ಕಂಡಿತು.

ಕಣ್ಣು ತೆರೆದಾಗ ಎದುರಿಗೆ ತಾರಾಬಾಯಿಯ ಬೆನ್ನಿತ್ತು. ಅವರದು ಕೆಂಪು ಒಡಲಿನ ಇಳಕಲ್ಲ ಸೀರೆ, ಅಂಚಿನುದ್ದಕ್ಕೂ ಸಾಲು ಗೆರೆಯ ಗೋಮಿ ದಡಿ. ಆ ದಡಿಯ ಗೆರೆಗಳ ನಡುವೆ ಒಂದು ಕಡೆ ನೇಯ್ಗೆ ಸ್ವಲ್ಪ ಉಬ್ಬಿದ ಹಾಗಿತ್ತು. ಕೊಟ್ರಪ್ಪ ಬಗ್ಗಿ ನೋಡಿದ. ಇಪ್ಪತ್ನಾಲ್ಕನೆಯ ಪತಂಗ ಸೂಜಿಯ ಸಮೇತ ಸೆರಗಿಗೆ ಸಿಕ್ಕಿಕೊಂಡು, ದಡಿಯ ಗೆರೆಗೆ ತನ್ನ ರೆಕ್ಕೆಯ ಗೆರೆ ಕೂಡಿಸಿ ಹಾಯಾಗಿ ಕುಳಿತಿತ್ತು.

ಕೊಟ್ರಪ್ಪ ಅದನ್ನು ಬಿಡಿಸಿಕೊಂಡು ಬೆಳಕಿಗೆ ಹಿಡಿದ. ಮುಖ ತಿರುಗಿಸದೆ ಅವನು ಪತಂಗವೊಂದನ್ನು ನೋಡಿದ್ದು ಅದೇ ಮೊದಲು. ಅವನಪ್ಪ ಬೆಟಗೇರಿಯ ಮನೆಯಲ್ಲಿ ಕೈಮಗ್ಗ ಹಾಕಿಕೊಂಡು ಸೀರೆ ನೇಯುತ್ತಿದ್ದವನು. ಹದಿನೆಂಟು ವರ್ಷ ತುಂಬುವ ತನಕ ಕೊಟ್ರಪ್ಪನೂ ಅದೇ ಮಗ್ಗದ ಕುಣಿಯಲ್ಲಿ ಕಾಲಿಟ್ಟು ಕುಳಿತವನು. ಈಗ ಟೇಬಲ್ಲಿನ ಮೇಲೆ ಹರಡಿದ ರೆಕ್ಕೆಗಳನ್ನು ನೋಡಿದರೆ ಅವನಿಗೆ ಹುಳುಗಳು ಕಾಣಲಿಲ್ಲ, ಒಡಲು, ದಡಿ, ಸೆರಗು ಕಂಡವು.

“ಬಣ್ಣಾ ನೋಡಬ್ಯಾಡ್ರಿ ಬಾಯಾರ,” ಎಂದ. “ಒಂದ ಮಗ್ಗದಾಗ ಇವತ್ತ ಕೆಂಪು ನೇಯ್ತಾರ, ನಾಳೆ ಹಳದಿ ನೇಯ್ತಾರ. ದಡಿ ಮಾತ್ರ ಅದ ಇರ್ತೈತಿ. ದಡಿ ನೋಡಿದ್ರ ಯಾರ ಮನಿ ಸೀರಿ ಅಂತ ಗೊತ್ತಾಕ್ಕೈತಿ.”

ತಾರಾಬಾಯಿಗೆ ಹುಳುವಿನ ಮಾತು ತಿಳಿಯುತ್ತಿರಲಿಲ್ಲ, ಸೀರೆಯ ಮಾತು ತಿಳಿಯಿತು. ಹಿಂದೆ ಸರಿದು ನಿಂತರು. ಕೊಟ್ರಪ್ಪ ನಡುನಡುವೆ ಬಾಗಿಲ ಹೊರಗೆ ಹೋಗಿ ಸೀನಿ ಬಂದು, ಒಂದೊಂದನ್ನೇ ಎತ್ತಿ ದಡಿಗೆ ದಡಿ ಹೊಂದಿಸಿ ಇಡುತ್ತ ಹೋದ. ಅಂಚಿನ ತುಂಬ ಚುಕ್ಕೆ ಇದ್ದವು ಒಂದು ಕಡೆ, ಎರಡು ದಪ್ಪ ಗೆರೆ ಓಡಿದವು ಒಂದು ಕಡೆ, ತಾರಾಬಾಯಿಯ ಸೆರಗಿಗೆ ಸಿಕ್ಕಿದ್ದರ ಬಳಗ ಒಂದು ಕಡೆ, ದಡಿಯೇ ಇಲ್ಲದೆ ಒಡಲಿಗೆಲ್ಲ ಬುಟ್ಟಾ ಚೆಲ್ಲಿದಂಥವು ಒಂದು ಕಡೆ. ಎಣಿಸಿದರೆ ಸರಿಯಾಗಿ ಆರಾರು. ಪೆಟ್ಟಿಗೆಯ ಹಿಂಬದಿಗೆ ಪ್ರೊಫೆಸರರು ಅಂಟಿಸಿದ್ದ ಇಂಗ್ಲಿಷ್ ಹಾಳೆಯೊಂದಿತ್ತು. ಯಾವ ಜಾತಿಯ ರೆಕ್ಕೆ ಹೇಗಿರುತ್ತದೆ ಎಂದು ಯಾವುದೋ ಪುಸ್ತಕದಿಂದ ಇಳಿಸಿಕೊಂಡದ್ದು. ವೆಂಕಟೇಶ ಅಕ್ಷರ ಕೂಡಿಸಿ ಕೂಡಿಸಿ ಓದಿ ಅರ್ಥ ಹೇಳಿದ. ಅವನು ಗೆರೆ ಎಂದರೆ ಕೊಟ್ರಪ್ಪ ಗೆರೆಯ ಗುಂಪು ತೋರಿಸಿದ, ಚುಕ್ಕೆ ಎಂದರೆ ಚುಕ್ಕೆಯದು. ನಾಲ್ಕು ಗುಂಪಿಗೆ ನಾಲ್ಕು ಹೆಸರು ಕುಳಿತವು. ಕಳಚಿದ ರೆಕ್ಕೆಗಳನ್ನು ಕೊಟ್ರಪ್ಪ ಕಡ್ಡಿಯ ತುದಿಯಲ್ಲಿ ಗೋಂದು ಮುಟ್ಟಿಸಿ ಕೂಡಿಸಿದ, ಹರಿದ ಎಳೆ ಕೂಡಿಸಿದ ಕೈ ಅದು, ಜೋಡು ಕಾಣಲಿಲ್ಲ. ಮುರಿದ ಮೀಸೆಯೊಂದನ್ನು ಮಾತ್ರ, ತಾನೂ ಏನಾದರೂ ಮಾಡಬೇಕಲ್ಲ ಎಂದು, ವೆಂಕಟೇಶ ಅಂಟಿಸಿದ. ಒಂದೂವರೆಗೆ ಪೆಟ್ಟಿಗೆ ಗೋಡೆ ಏರಿತು.

ಕಮಿಟಿಯವರು ರೊಟ್ಟಿ ಎಣ್ಣೆಗಾಯಿ ಉಂಡು ಎರಡೂವರೆಗೆ ಬಂದರು. ಲ್ಯಾಬನ್ನು ನೋಡುವವರು ಪ್ರೊಫೆಸರ್ ಶಿವರಂಜನಿ ಎಂಬವರು, ಹುಳುಗಳ ಮೇಲೆಯೇ ಪುಸ್ತಕ ಬರೆದವರಂತೆ. ಜೊತೆಗೆ ಪ್ರಿನ್ಸಿಪಾಲರು. ಹಿಂದೆ ಶ್ರೀಲಕ್ಷ್ಮೀ ಮೇಡಂ, ಲಕ್ಷ್ಮೇಶ್ವರದಿಂದ ದಿನಾ ಓಡಾಡುವ ಪ್ರಾಣಿಶಾಸ್ತ್ರದ ಏಕೈಕ ಉಪನ್ಯಾಸಕಿ, ಅದೂ ವರ್ಷ ವರ್ಷ ಮುಂದುವರಿಸಬೇಕಾದ ನೇಮಕ. ಒಳಗೆ ಕಾಲಿಡುತ್ತಲೇ ಅವರಿಗೆ ಆ ಪೆಟ್ಟಿಗೆ ಬದಲಾದದ್ದು ತಿಳಿಯಿತು. ಮುಖ ಸುಣ್ಣವಾಯಿತು.

ಶಿವರಂಜನಿ ಹನ್ನೆರಡೂ ಪೆಟ್ಟಿಗೆಗಳ ಮುಂದೆ ಒಂದೊಂದು ನಿಮಿಷ ನಿಂತರು. ಹನ್ನೊಂದು ಸಲ ತುಟಿ ಕೊಂಕಿಸಿದರು. ಹನ್ನೆರಡನೆಯದರ ಮುಂದೆ ಚೀಲದಿಂದ ಭೂತಗನ್ನಡಿ ತೆಗೆದರು. ಬಹಳ ಹೊತ್ತು ನೋಡಿದರು. ಕೊಟ್ರಪ್ಪ ಬಾಗಿಲ ಸಂದಿಯಿಂದ ಇಣುಕಿ ನೋಡುತ್ತಿದ್ದ.

“ಹನ್ನೊಂದು ಪೆಟ್ಟಿಗೆಗಳಲ್ಲಿ ಬಣ್ಣ ನೋಡಿ ಜೋಡಿಸಿದ್ದಾರೆ, ಎಲ್ಲಾ ತಪ್ಪು,” ಎಂದರು ಶಿವರಂಜನಿ. “ಇದೊಂದೇ ಸರಿಯಾಗಿದೆ. ಇವುಗಳಲ್ಲಿ ಗಂಡಿನ ಬಣ್ಣ ಬೇರೆ, ಹೆಣ್ಣಿನ ಬಣ್ಣ ಬೇರೆ, ಆದರೂ ಒಂದೂ ತಪ್ಪಿಲ್ಲ. ಯಾರು ಮಾಡಿದ್ದು?”

ಪ್ರಿನ್ಸಿಪಾಲರು ಎದೆಯುಬ್ಬಿಸಿ, ನಮ್ಮ ಶ್ರೀಲಕ್ಷ್ಮೀ ಮೇಡಂ ಎಂದರು. ಕೊಟ್ರಪ್ಪ ದೊಡ್ಡದೊಂದು ಉಸಿರು ಬಿಟ್ಟ. ಮುಗಿಯಿತು, ಹನ್ನೊಂದರ ತಪ್ಪು ಹಳೆಯ ಪ್ರೊಫೆಸರರ ಲೆಕ್ಕಕ್ಕೆ, ಬಿದ್ದ ಪೆಟ್ಟಿಗೆಗೆ ಹೊಗಳಿಕೆಯೇ ಬಂತು. ಇನ್ನು ಸಂಜೆ ಸಹಿ. ಶಿವರಂಜನಿಯವರು ಶ್ರೀಲಕ್ಷ್ಮೀ ಮೇಡಂ ಕಡೆ ತಿರುಗಿ, ಬೇರ್ಪಡಿಸುವಾಗ ಯಾವ ಲಕ್ಷಣ ಹಿಡಿದಿರಿ ಎಂದು ಕೇಳಿದರು. ಮೇಡಂ ಪೆಟ್ಟಿಗೆಯ ಕಡೆ ನೋಡಿದರು, ಪ್ರಿನ್ಸಿಪಾಲರ ಕಡೆ ನೋಡಿದರು. ಶಿವರಂಜನಿ ಮತ್ತೊಮ್ಮೆ ಕೇಳಿದರು. ಈ ಸಲ ಧ್ವನಿಯಲ್ಲಿ ಸಂಶಯ ಸೇರಿತ್ತು. ಮೇಡಂ ಕಣ್ಣಿನಲ್ಲಿ ನೀರು ನಿಂತಿತು.

ಸುಮ್ಮನಿದ್ದರೆ ಕೊಟ್ರಪ್ಪನಿಗೆ ಲೈಬ್ರರಿ. ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಅವನ ಉಸಿರಾಟ ನೋಡಲಾರದೆ ತಿಂಗಳಿಗೊಮ್ಮೆ ತಮ್ಮ ಖರ್ಚಿನಲ್ಲಿ ಮೂಗಿನ ಮಾಸ್ಕು ತಂದುಕೊಡುತ್ತಿದ್ದ ಹೆಣ್ಣುಮಗಳು ಆಕೆ. ಮಗಳ ವಯಸ್ಸಿನವಳು ನಾಲ್ಕು ಜನರ ನಡುವೆ ತಲೆತಗ್ಗಿಸಿ ನಿಲ್ಲುವುದನ್ನು ನೋಡುತ್ತ ನಿಲ್ಲಲು ಅವನಿಂದ ಆಗಲಿಲ್ಲ.

“ಮೇಡಮ್ಮಾರದು ತಪ್ಪಿಲ್ಲರಿ,” ಎಂದು ಒಳಗೆ ಬಂದ. “ಮುಂಜಾನೆ ಪೆಟಗಿ ನನ್ನ ಕೈಯಾಗಿಂದ ಬಿತ್ತರಿ. ಸೀರಿ ದಡಿ ನೋಡಿ ಕೂಡಿಸಿದಂಗ ಕೂಡಿಸೀನ್ರಿ.”

ಪ್ರಿನ್ಸಿಪಾಲರ ಮುಖ ಕೆಂಪಾಯಿತು. ಶಿವರಂಜನಿಯವರ ಮುಖ ಅರಳಿತು. ಅವನ ಕೈಗೆ ಭೂತಗನ್ನಡಿ ಕೊಟ್ಟು ಎಲ್ಲವನ್ನೂ ಹೇಳಿಸಿಕೊಂಡರು. ಕೆಂಪು ಹಳದಿಯ ಮಾತು, ಮಗ್ಗದ ಮಾತು, ಬುಟ್ಟಾದ ಮಾತು ಎಲ್ಲಾ ಬರೆದುಕೊಂಡರು. ತಮ್ಮ ವಿದ್ಯಾರ್ಥಿಗಳಿಗೆ ಎರಡು ವರ್ಷ ಪಾಠ ಮಾಡಿದರೂ ಈ ಕಣ್ಣು ಬರುವುದಿಲ್ಲ ಎಂದರು. ಅಷ್ಟು ಕೇಳಿದ್ದೇ ಪ್ರಿನ್ಸಿಪಾಲರ ಮುಖ ತಿರುಗಿ ತನ್ನ ಬಣ್ಣಕ್ಕೆ ಬಂತು.

ಆಮೇಲೆ ಶಿವರಂಜನಿ ಒಂದು ಪತಂಗದ ಮೇಲೆ ಬೆರಳಿಟ್ಟು, ಇದರ ಮೀಸೆಯನ್ನು ಬಾಲಕ್ಕೆ ಅಂಟಿಸಿದವರು ಯಾರು ಎಂದರು. ಬಾಗಿಲಲ್ಲಿದ್ದ ವೆಂಕಟೇಶನಿಗೆ ಪ್ರಶ್ನೆಯ ಅರ್ಧವಷ್ಟೇ ಕೇಳಿಸಿತ್ತು. ಹೊಗಳಿಕೆ ಹಂಚುತ್ತಿದ್ದಾರೆ, ತನ್ನ ಪಾಲು ತಪ್ಪಬಾರದು ಎಂದುಕೊಂಡು ಅವಸರದಲ್ಲಿ ಮುಂದೆ ನುಗ್ಗಿದ.

“ಅದನ್ನ ನಾ ಹಚ್ಚೀನ್ರಿ,” ಎಂದ.

ಸಂಜೆ ನಾಲ್ಕೂವರೆಗೆ ಸಭೆ. ಕಮಿಟಿಯವರಿಗೆಂದು ತಂದಿದ್ದ ಶಾಲುಗಳಲ್ಲಿ ಒಂದು ಕೊಟ್ರಪ್ಪನ ಹೆಗಲೇರಿತು. ಚಪ್ಪಾಳೆ ನಿಂತ ಮೇಲೆ ಪ್ರಿನ್ಸಿಪಾಲರು ಅಲ್ಲಿಯೇ ಫೈಲು ತರಿಸಿದರು. ಕೊಟ್ರಪ್ಪನ ಕಣ್ಣು ಪೆನ್ನಿನ ತುದಿಯಲ್ಲಿ ನೆಟ್ಟಿತು. ಪೆನ್ನು ಆದೇಶದ ಮೇಲೆ ಇಳಿಯಿತು, ಅವನ ಹೆಸರಿನ ಮೇಲೆ ಅಡ್ಡ ಗೆರೆ ಎಳೆಯಿತು.

“ಇಂಥಾ ಮನಶ್ಯಾನ್ನ ಲೈಬ್ರರಿಗೆ ಕಳಿಸಿದ್ರ ನನಗ ದೇವರು ಮೆಚ್ಚತಾನೇನು,” ಎಂದರು ಪ್ರಿನ್ಸಿಪಾಲರು. “ರಿಟಾಯರ್ ಆಗೂ ತನಕ ಕೊಟ್ರಪ್ಪ ಪತಂಗದ ಹತ್ರನ ಇರ್ತಾನ.”

ಉಳಿದ ಹನ್ನೊಂದು ಪೆಟ್ಟಿಗೆಗಳನ್ನು ಒಂದು ತಿಂಗಳಲ್ಲಿ ಸರಿಪಡಿಸಬೇಕು. ಅಷ್ಟರೊಳಗೆ ಶಿವರಂಜನಿಯವರೂ ತಮ್ಮಲ್ಲಿಯ ಮೂರು ಟ್ರಂಕು ಪತಂಗ ಕಳಿಸುತ್ತಾರೆ ಎಂದು ಘೋಷಿಸಿದರು. ಕೊಟ್ರಪ್ಪ ಎದ್ದು ನಿಂತು ಕೈಮುಗಿದು ತನ್ನ ಉಸಿರಿನ ಕಷ್ಟ ಹೇಳಹೊರಟ. ವಿನಯಕ್ಕೆ ಕೈಮುಗಿದನೆಂದು ಜನ ಮತ್ತೆ ಚಪ್ಪಾಳೆ ತಟ್ಟಿದರು. ಖಾಲಿಯಾದ ಹೆಸರಿನ ಜಾಗದಲ್ಲಿ ಪ್ರಿನ್ಸಿಪಾಲರು ವೆಂಕಟೇಶನ ಹೆಸರು ಬರೆದರು. ಮೀಸೆ ಎಲ್ಲಿ ಬಾಲ ಎಲ್ಲಿ ತಿಳಿಯದವನನ್ನು ಲ್ಯಾಬಿನ ಹತ್ತಿರ ಬಿಟ್ಟರೆ ಕಾಲೇಜಿನ ಮರ್ಯಾದೆ ಉಳಿಯುವುದಿಲ್ಲ, ಶಿಕ್ಷೆಯಾಗಲಿ, ಲೈಬ್ರರಿಯಲ್ಲಿ ಬಿದ್ದಿರಲಿ ಎಂದರು.

ಐದೂವರೆಗೆ ಕೊಟ್ರಪ್ಪ ಲ್ಯಾಬಿಗೆ ಬಂದು ಪಕ್ಕದ ಪೆಟ್ಟಿಗೆಯ ಕೆಳಗೆ ಸ್ಟೂಲು ಎಳೆದ. ಹಿಂದೆಯೇ ವೆಂಕಟೇಶ ಬಂದ. ಅವನ ಕಣ್ಣು ಅತ್ತು ಅತ್ತು ಊದಿಕೊಂಡಿದ್ದವು.

“ಮುಂಜಾನಿಂದ ಸಂಜಿ ತನಕ ಫ್ಯಾನಿನ ಕೆಳಗ ಕುಂಡ್ರಬೇಕಂತ ಕಾಕಾ,” ಎಂದ. “ಕಿಟಕ್ಯಾಗಿಂದ ಗಾಳಿ ಬರೂದು, ನಾ ಪೇಪರ್ ಓದೂದು. ನಿನಗ ಶಾಲು ಸಿಕ್ತು. ನನ್ನ ಹಣೆಬಾರಾ ನೋಡು.”

ಹೇಳುತ್ತ ಹೇಳುತ್ತ ಅವನಿಗೆ ದುಃಖ ಒತ್ತರಿಸಿ ಬಂತು. ಕೊಟ್ರಪ್ಪ ಅವನನ್ನು ಸ್ಟೂಲಿನ ಮೇಲೆ ಕೂಡಿಸಿದ, ಕುಡಿಯಲು ನೀರು ಕೊಟ್ಟ, ಬೆನ್ನು ಸವರಿದ. ಜಾಗ ಅಷ್ಟೇನು ಕೆಟ್ಟದ್ದಲ್ಲ, ನಿಧಾನಕ್ಕೆ ರೂಢಿಯಾಗುತ್ತದೆ ಎಂದು ಸಮಾಧಾನ ಹೇಳಿದ. ವೆಂಕಟೇಶ ಕಣ್ಣೊರೆಸಿಕೊಂಡು ಎದ್ದು ಹೋದ ಮೇಲೆ ಹೆಗಲ ಮೇಲಿನ ಶಾಲು ತೆಗೆದು, ಎರಡು ಸುತ್ತು ಹಾಕಿ ಮೂಗಿಗೆ ಬಿಗಿಯಾಗಿ ಕಟ್ಟಿಕೊಂಡು ಸ್ಟೂಲು ಹತ್ತಿದ.