ಬೀಳ್ಕೊಡುಗೆಯ ಬ್ಲೂಸ್

ಗಿಟಾರಪ್ಪನಿಗೆ ಬೇಕಾಗಿದ್ದದ್ದು ಒಂದೇ ಒಂದು ಸಹಿ. ನಾಳೆ ಬೆಳಗ್ಗೆ ರೈಲು ಹತ್ತಿದರೆ ನಾಡಿದ್ದು ದೊಡ್ಡ ವೇದಿಕೆಯಲ್ಲಿ ಬ್ಲೂಸ್ ಎಂಬ ಅಮೆರಿಕದ ಗೋಳಿನ ಹಾಡು ಹಾಡಬಹುದು. ಹದಿನೆಂಟು ವರ್ಷ ಬಾಯಿಬಿಟ್ಟು ಕಾದ ಅವಕಾಶ. ಆದರೆ ಅವನು ಗುಮಾಸ್ತನಾಗಿದ್ದ ನೀರಿನ ಮೀಟರ್ ಕಚೇರಿಯ ಸಾಹೇಬರು ರಜೆ ಅರ್ಜಿ ಕಂಡರೆ ಹಾವು ಕಂಡಂತೆ ಹಾರಿಬೀಳುವವರು. ಪುಣ್ಯಕ್ಕೆ ಅವರು ಇವತ್ತೇ ನಿವೃತ್ತರಾಗುವವರಿದ್ದರು.

"ಐದು ಗಂಟೆಗೆ ಕುರ್ಚಿ ನಂದು. ಮೊದಲ ಸಹಿ ನಿನ್ನ ಅರ್ಜಿಗೇ," ಎಂದಿದ್ದರು ಕಿರಿಯ ಸಾಹೇಬರು. "ಬೀಳ್ಕೊಡುಗೇಲಿ ಮಾತ್ರ ನೀನು ಹಾಡ್ಬೇಕು."

ಎಲ್ಲ ಬಗೆಯ ಸಂಗೀತ ಬಲ್ಲವನ ಕರ್ಮವೆಂದರೆ, ಎಲ್ಲರೂ ಎಲ್ಲವನ್ನೂ ಕೇಳುತ್ತಾರೆ. ಬೀಳ್ಕೊಡುಗೆಯ ಸಭೆಯಲ್ಲಿ ಟೈಪಿಸ್ಟಮ್ಮನಿಗೆ ಕುಣಿತದ ಹಾಡು, ಕ್ಯಾಷಿಯರನಿಗೆ ಜೋಗುಳ, ಜವಾನನಿಗೆ ಕವಾಯತಿನ ಬ್ಯಾಂಡು. ಗಿಟಾರಪ್ಪ ಮೂರನ್ನೂ ನುಡಿಸಿದ. ಸಾಹೇಬರು ಮೂರಕ್ಕೂ ಆಕಳಿಸಿದರು.

"ಒಂದು ಹನಿ ಕಣ್ಣೀರು ಬರಿಸೋಕಾಗಲ್ವೇನಯ್ಯ? ಅದೇನೋ ಅಳೋ ಹಾಡು ನಿಂದು, ಅದನ್ನಾದ್ರೂ ಹೇಳು!" ಕ್ಯಾಷಿಯರ್ ಕೆಣಕಿದ.

ಕಲಾವಿದನ ಮಾನದ ಪ್ರಶ್ನೆ! ತಂತಿಯ ಮೇಲೆ ಜಾರಿಸುವ ಗಾಜಿನ ಕೊಳವೆಗಾಗಿ ಗಿಟಾರಪ್ಪ ತಡಕಾಡಿದ. ಅದು ಆಗಲೇ ಕವಾಯತು ಹಾಕಿದ ಜವಾನನ ಬೂಟಿನಡಿ ಪುಡಿಪುಡಿ. ವಿಧಿಯಿಲ್ಲದೆ, ಸಾಹೇಬರಿಗೆಂದು ತಂದಿದ್ದ ಉಡುಗೊರೆಯ ಸ್ಟೀಲ್ ಪೆನ್ನನ್ನೇ ಬೆರಳ ಸಂದಿಗೆ ಸಿಕ್ಕಿಸಿಕೊಂಡು ತಂತಿಯ ಮೇಲೆ ಎಳೆದ.

"ನಾಳೆ ಬೆಳಗಾದ್ರೆ ನನ್ನ ಕಾಯೋರಿಲ್ಲ..."

ಬ್ಲೂಸಿನ ಪದ್ಧತಿಯಂತೆ ಅದೇ ಸಾಲನ್ನು ಇನ್ನೊಮ್ಮೆ ಹಾಡಿ, ಮೂರನೆಯದರಲ್ಲಿ ಉತ್ತರ ಕೊಟ್ಟ:

"ನಾ ಬೈದ್ರೆ ಬೆದರೋಕೂ ಮನೇಲೊಬ್ರಿಲ್ಲ!"

ತಂತಿ ಗೋಳೋ ಎಂದಿತು. ಸಾಹೇಬರ ಕಣ್ಣು ತುಂಬಿತು. ಗಿಟಾರಪ್ಪ ಹಿಗ್ಗಿ ಹೀರೇಕಾಯಿಯಾಗಿ ಇನ್ನೂ ಎರಡು ಚರಣ ಸೇರಿಸಿದ. ಅಲ್ಲೇ ಕೆಟ್ಟದ್ದು.

"ನಿಜ ಕಣಪ್ಪಾ!" ಸಾಹೇಬರು ಬಿಕ್ಕಿದರು. "ಮನೇಲಿ ನಾನು ಯಾರನ್ನ ಬೈಲಿ? ನನ್ನ ಹೆಂಡತಿಗೆ ಹೆದರಿಕೇನೇ ಇಲ್ಲ!" ಜೇಬಿನಿಂದ ಒಂದು ಕಾಗದ ಹೊರಬಂತು. ಇನ್ನೆರಡು ವರ್ಷ ಕೆಲಸದಲ್ಲಿ ಮುಂದುವರಿಯುತ್ತೀರಾ ಎಂದು ಮೇಲಿನವರು ಕೇಳಿದ್ದ ಕಾಗದ. ಒಪ್ಪಿಗೆಗೆ ಒಂದು ಸಹಿ ಸಾಕಿತ್ತು. "ಬೇಡ ಅಂತಿದ್ದೆ. ಕೊಡಿಲ್ಲಿ ಆ ಪೆನ್ನು."

ಗಿಟಾರಪ್ಪ ಬೆರಳ ಸಂದಿಯಿಂದ ಪೆನ್ನು ಕಳಚಿ ಕೊಟ್ಟ. ಸಹಿ ಬಿತ್ತು. ಕಿರಿಯ ಸಾಹೇಬರು ಅವನನ್ನು ತಿಂದುಬಿಡುವ ಹಾಗೆ ನೋಡಿದರು.

"ಸಾರ್, ನನ್ನ ರಜೆ..."

"ರಜೆಯಾ?" ಸಾಹೇಬರು ಕಣ್ಣೊರೆಸಿಕೊಂಡು ಪೆನ್ನಿಗೆ ಮುಚ್ಚಳ ಹಾಕಿದರು. "ನಿನ್ನಿಂದ ತಾನೇ ನಾನು ಉಳಿದಿದ್ದು? ನೀನೇ ಹೋದ್ರೆ ಹೇಗೆ! ನಾಳೆ ಹತ್ತು ನಿಮಿಷ ಮುಂಚೆ ಬಾ. ಮತ್ತೆ ನೋಡು, ಆ ಗಿಟಾರು ಪಿಟಾರು ಎಲ್ಲ ತರಬೇಡ. ಇದು ಆಫೀಸು."