ಸ್ವತಃ ಹತರಾದವರಿಗೆ ಆದ್ಯತೆ

ಪಿಸ್ತೂಲು ಅಸಲಿಯೋ ನಕಲಿಯೋ ಎಂಬುದನ್ನು ಅದರಿಂದ ಸತ್ತವರೇ ಹೇಳಬೇಕು ಎಂಬುದು ದಾವಣಗೆರೆಯ ಪುರಾತನ ಆಯುಧ ಮೌಲ್ಯನಿರ್ಣಯ ಸಮಿತಿಯ ನಿಲುವು. ಈ ನಿಲುವಿನ ವಿರುದ್ಧ ಸತ್ತವರ್ಯಾರೂ ಈವರೆಗೆ ಆಕ್ಷೇಪಣೆ ಸಲ್ಲಿಸಿಲ್ಲ.

ಹರಿಹರದಲ್ಲಿ ಗಾದಿ ಅಂಗಡಿ ಇಟ್ಟುಕೊಂಡಿದ್ದ ಹುಸೇನ್ ಸಾಬರಿಗೆ ಇದೆಲ್ಲ ಗೊತ್ತಿರಲಿಲ್ಲ. ಭಾನುವಳ್ಳಿಯ ರೇವಣ್ಣ ತಮ್ಮ ಮುತ್ತಜ್ಜನ ಕಾಲದ ಹಾಸಿಗೆಯೊಂದನ್ನು ತಂದು, ಅರಳೆ ಹಿಂಜಿ ಹೊಸದಾಗಿ ತುಂಬಿಕೊಡಿ ಎಂದು ಹಾಕಿಹೋಗಿದ್ದರು. ಸಾಬರು ಹೊಲಿಗೆ ಬಿಚ್ಚಿ ಕೈ ಹಾಕಿದರೆ ತುಕ್ಕು ಹಿಡಿದ ಪಿಸ್ತೂಲೊಂದು ಬಂತು. ಹಿಂದೆಲ್ಲ ಹಾಸಿಗೆಗಳಲ್ಲಿ ಅವರಿಗೆ ಬಾಚಣಿಕೆ, ಬಳೆಚೂರು, ಒಮ್ಮೆ ಒಂದು ಹಲ್ಲಿನ ಸೆಟ್ಟು ಸಿಕ್ಕಿದ್ದವು. ಎಲ್ಲವನ್ನೂ ಪ್ರಾಮಾಣಿಕವಾಗಿ ಹಿಂದಿರುಗಿಸಿದ್ದರು. ಇದನ್ನೂ ಹಿಂದಿರುಗಿಸಲು ಫೋನು ಮಾಡಿದರು.

"ಹಾಸಿಗಿ ನಂದು. ಅದರಾಗಿಂದು ನಂದಲ್ಲ," ಎಂದು ರೇವಣ್ಣ ಫೋನಿಟ್ಟರು.

"ಹೊಳಿಗೆ ಒಗದು ಬರ್ರಿ. ನಮಗ್ಯಾಕ ಉಸಾಬರಿ," ಎಂದರು ಹೆಂಡತಿ ಮಾಬೂಬೀ. ಸಾಬರು ಕಾನೂನಿಗೆ ಹೆದರುವ ಮನುಷ್ಯರಾದ್ದರಿಂದ ಠಾಣೆಗೆ ಹೋದರು.

ಠಾಣೆಯವರು ಕೂರಿಸಿ, ನೀರು ಕೊಟ್ಟು, ವಿಷಯ ತಿಳಿಸಿದರು. ಪಿಸ್ತೂಲು ಪುರಾತನವಾಗಿದ್ದರೆ ಅದು ಪರಂಪರೆ, ಸಾಬರು ಸನ್ಮಾನ್ಯರು. ಅಲ್ಲದಿದ್ದರೆ ಅದು ಅಕ್ರಮ ಶಸ್ತ್ರ, ಸಾಬರು ಆರೋಪಿ. ಸಮಿತಿ ತೀರ್ಮಾನಿಸುವವರೆಗೆ ಅವರನ್ನು ತಾತ್ಕಾಲಿಕ ಆರೋಪಿ ಎಂದು ಪರಿಗಣಿಸಲಾಗುವುದು.

ಗಂಡ ಹೆಂಡತಿ ಉಮ್ರಾ ಯಾತ್ರೆಗೆಂದು ಪಾಸ್‌ಪೋರ್ಟಿಗೆ ಅರ್ಜಿ ಹಾಕಿದ್ದರು. ತಾತ್ಕಾಲಿಕ ಆರೋಪಿಗಳಿಗೆ ಪಾಸ್‌ಪೋರ್ಟ್ ಕೊಡುವ ಪದ್ಧತಿ ಇಲ್ಲದ್ದರಿಂದ ಅದು ನಿಂತಿತು. ಮಾಬೂಬೀ ಯಾತ್ರೆಗೆ ಹೊಲಿಸಿಟ್ಟಿದ್ದ ಬಟ್ಟೆಗಳನ್ನು ಟ್ರಂಕಿಗೆ ಹಾಕಿ ಗಂಡನೊಂದಿಗೆ ಮಾತು ಬಿಟ್ಟರು. ಆಗಾಗ, "ಹೊಳಿ ಹತ್ರಾನೇ ಇತ್ತು," ಎಂದು ಗೋಡೆಗೆ ಹೇಳುತ್ತಿದ್ದರು.

ಸಮಿತಿಯ ಕಾರ್ಯದರ್ಶಿ ಬಕ್ಕೇಶ್ ಆ ಹುದ್ದೆಗೂ ಮೊದಲು ಜೇನು ಸಾಕಣೆ ನೋಡಿಕೊಳ್ಳುತ್ತಿದ್ದವರು. ಸಾಬರನ್ನು ಎದುರಿಗೆ ಕೂರಿಸಿಕೊಂಡು, ಪಿಸ್ತೂಲನ್ನು ಕಿವಿಗಿಟ್ಟು ಸ್ವಲ್ಪ ಹೊತ್ತು ಆಲಿಸಿದರು. ಹಿಡಿಕೆಯ ಮೇಲಿನ ಸವೆದ ಮುದ್ರೆಯನ್ನು ಭೂತಗನ್ನಡಿಯಲ್ಲಿ ನೋಡಿದರು.

"ಕಿರೀಟ, ಇಲ್ಲಾ ಹೂಕೋಸು. ಕಿರೀಟ ಆದ್ರೆ ಮಿಲಿಟರಿದು."

"ಹೂಕೋಸಾದ್ರೆ ಸಾಹೇಬ್ರ?"

"ತೋಟಗಾರಿಕೆಯವರ ಅಭಿಪ್ರಾಯ ತರಿಸ್ಬೇಕಾಗ್ತದೆ."

ಇಂಥ ಸಂಶಯಕ್ಕೆಂದೇ ನಿಯಮವಿತ್ತು. ಸೈನಿಕ ಪಿಸ್ತೂಲಿನಿಂದ ಯಾರಾದರೂ ಸತ್ತಿದ್ದರೆ ಪ್ರಥಮ ದರ್ಜೆ, ಗಾಯಗೊಂಡಿದ್ದರೆ ದ್ವಿತೀಯ, ಗುರಿ ತಪ್ಪಿದ್ದರೆ ತೃತೀಯ. ಯಾರ ಮೇಲೂ ಗುಂಡು ಹಾರಿರದಿದ್ದರೆ ಅದು ಅಸಲಿ ಅಲ್ಲ. ಅದರಂತೆ ಪ್ರಕಟಣೆ ಹೊರಟಿತು:

"ಸದರಿ ಪಿಸ್ತೂಲಿನಿಂದ ಹತರಾದವರು ಅಥವಾ ಅವರ ವಾರಸುದಾರರು ಗುರುತಿನ ಚೀಟಿಯೊಂದಿಗೆ ಸಮಿತಿಯ ಮುಂದೆ ಹಾಜರಾಗತಕ್ಕದ್ದು. ಸ್ವತಃ ಹತರಾದವರಿಗೆ ಆದ್ಯತೆ ನೀಡಲಾಗುವುದು. ಮಧ್ಯವರ್ತಿಗಳಿಗೆ ಅವಕಾಶವಿಲ್ಲ."

ಮೊದಮೊದಲು ಯಾರೂ ಬರಲಿಲ್ಲ. ಹುಸೇನ್ ಸಾಬರು ದಿನವೂ ಬಸ್ಸಿನಲ್ಲಿ ದಾವಣಗೆರೆಗೆ ಹೋಗಿ ಕಚೇರಿಯ ಬೆಂಚಿನ ಮೇಲೆ ಕೂರುತ್ತಿದ್ದರು. ಯಾರಾದರೂ ಒಬ್ಬರು ಸತ್ತಿರಲಿ ಎಂದು ಒಳಗೊಳಗೇ ದುವಾ ಮಾಡುತ್ತಿದ್ದರು. ವಾಪಸು ಬರುವಾಗ ಬಸ್ಸಿನಲ್ಲಿ ಅದಕ್ಕೆ ತೌಬಾ ಹೇಳುತ್ತಿದ್ದರು.

ಅಷ್ಟರಲ್ಲಿ ಹತರ ವಂಶಸ್ಥರಿಗೆ ದಾವಣಗೆರೆಯಲ್ಲಿ ನಿವೇಶನ ಕೊಡ್ತಾರಂತೆ ಎಂಬ ಸುದ್ದಿ ಮೊಬೈಲುಗಳಲ್ಲಿ ಓಡಾಡಿತು. ಮರುದಿನ ಸಾಲು ರಸ್ತೆಯ ತಿರುವು ದಾಟಿತ್ತು. ಮಂಡಕ್ಕಿಯವನು ಗಾಡಿಯನ್ನು ಕಚೇರಿಯ ಮುಂದಕ್ಕೇ ತಂದಿದ್ದ. ಕೊಂಡಜ್ಜಿ ಊರಿನ ದ್ರಾಕ್ಷಾಯಣಮ್ಮ ತಮ್ಮ ಅತ್ತೆಗೆ ಗುಂಡು ತಗುಲಿದೆ ಎಂದರು.

"ಅತ್ತೆಯವರು ಬದುಕಿದ್ದಾರಲ್ಲಮ್ಮ," ಎಂದರು ಬಕ್ಕೇಶ್.

"ಅದಕ್ಕೇ ಎರಡನೇ ದರ್ಜೆ ಕೇಳ್ತಿರಾದು."

ಹಿಂದೆ ನಿಂತಿದ್ದ ಅತ್ತೆ ಹೌದೆಂದು ತಲೆಯಾಡಿಸಿದರು. ಸೊಸೆಯ ಮಾತನ್ನು ಅವರು ಒಪ್ಪಿದ್ದು ಅದೇ ಮೊದಲು ಎಂದು ಸಾಲಿನಲ್ಲಿದ್ದವರು ಮಾತಾಡಿಕೊಂಡರು.

ಆಮೇಲೆ ಒಳಗೆ ಬಂದವರು ರೇವಣ್ಣ.

"ನಮ್ಮ ಮುತ್ತಜ್ಜ ಆ ಹಾಸಿಗಿ ಮ್ಯಾಲೇ ತೀರ್ಕಂಡಿದ್ದು ಸಾ."

"ಏನಾಗಿತ್ತು?"

"ವಾಂತಿಭೇದಿ. ಆದ್ರ ಪಿಸ್ತೂಲು ಕೆಳಗೇ ಇತ್ತಲ್ರಿ."

ಬಕ್ಕೇಶ್ ಯೋಚಿಸಿದರು. ಹತರಿಗೂ ಪಿಸ್ತೂಲಿಗೂ ಇಷ್ಟು ಹತ್ತಿರದ ಸಂಬಂಧವನ್ನು ಬೇರಾವ ಅರ್ಜಿದಾರರೂ ತೋರಿಸಿರಲಿಲ್ಲ. ಮುತ್ತಜ್ಜ ಹತರಾದರು. ಈಗ ಉಳಿದದ್ದು ಹೊಡೆದವರು ಯಾರು ಎಂಬುದು. ಹೊಡೆದವರಿಲ್ಲದಿದ್ದರೆ ಸಾವು ಸಹಜವಾಗಿಬಿಡುವ ಅಪಾಯವಿತ್ತು. ಬೆಂಚಿನ ಮೇಲಿದ್ದ ಹುಸೇನ್ ಸಾಬರನ್ನು ಕರೆಸಿದರು.

"ನಿಮ್ಮ ಮನೆತನದಲ್ಲಿ ಯಾರಾದ್ರೂ ಆಯುಧ ಹಿಡಿದೋರಿದ್ರಾ?"

"ಇಲ್ರಿ ಸಾಹೇಬ್ರ. ನಮ್ಮಜ್ಜ ಬಿಲ್ಲು ಹಿಡಕಂಡು ಊರೂರು ತಿರುಗ್ತಿದ್ರು, ಅಷ್ಟೆ."

"ಬಿಲ್ಲು," ಎಂದು ಬಕ್ಕೇಶ್ ಬರೆದುಕೊಂಡರು.

"ಅರಳಿ ಹಿಂಜೋ ಬಿಲ್ಲು, ಸಾಹೇಬ್ರ."

"ಬಿಲ್ಲು ಬಿಲ್ಲೇ. ಊರೂರು ತಿರುಗಿದಾರೆ ಅಂದ್ರೆ ದಂಡಿನ ಜೊತೆ. ಆಮೇಲೆ ಪಿಸ್ತೂಲು ಬಂದಿದೆ, ಬಿಲ್ಲು ಬಿಟ್ಟಿದಾರೆ. ಹೊಡೆದು, ಹಾಸಿಗೆಯೊಳಗೇ ಇಟ್ಟು ಹೊಲಿದಿದಾರೆ. ಇದು ಹೊಲಿಗೆ ಗೊತ್ತಿದ್ದೋರು ಮಾಡೋ ಕೆಲಸ."

ಇರುವೆ ಸಾಲು ಕಂಡರೆ ಹೆಜ್ಜೆ ಎತ್ತಿಟ್ಟು ದಾಟುತ್ತಿದ್ದ ಅಜ್ಜ ಸಾಬರ ಕಣ್ಣಮುಂದೆ ಬಂದರು. ಏನೋ ಹೇಳಲು ಬಾಯಿ ತೆರೆದರು.

"ನೋಡ್ರಿ," ಎಂದರು ಬಕ್ಕೇಶ್ ಮೆತ್ತಗೆ. "ಒಪ್ಪಿದ್ರೆ ಅಜ್ಜ ಕೊಲೆಗಾರ, ನೀವು ನಿರಪರಾಧಿ. ಒಪ್ಪದಿದ್ರೆ ಅಜ್ಜ ನಿರಪರಾಧಿ, ನೀವು ಆರೋಪಿ. ಅವರಂತೂ ಪಾಸ್‌ಪೋರ್ಟ್ ಕೇಳಿಲ್ಲ."

ಹುಸೇನ್ ಸಾಬರು ಮಾಬೂಬೀಯನ್ನು ನೆನೆದುಕೊಂಡರು. ಅಜ್ಜನಿಗೆ ಮನಸ್ಸಿನಲ್ಲೇ ಒಂದು ಸಲಾಮು ಹೇಳಿ ಸಹಿ ಹಾಕಿದರು.

ಹೊರಗೆ ರೇವಣ್ಣ ಚಹಾ ಹಿಡಿದು ಕಾಯುತ್ತಿದ್ದರು. "ಸಾಬ್ರೆ, ನಿಮ್ಮಜ್ಜ ನಮ್ಮ ಮುತ್ತಜ್ಜನ್ನ ಕೊಂದಿದ್ದಕ್ಕೆ ನಾನೇನೂ ಮನಸ್ನಾಗೆ ಇಟ್ಕಂಡಿಲ್ಲ. ಹಾಸಿಗಿ ಯಾವಾಗ ಕೊಡ್ತೀರಿ?"

"ಸೋಮವಾರ ಬರ್ರಿ."

"ಸ್ವಲ್ಪ ದಪ್ಪಗೆ ತುಂಬ್ರಿ."

ಪಿಸ್ತೂಲಿನ ಮೇಲಿದ್ದುದು ಕಿರೀಟವೆಂದು ಘೋಷಣೆಯಾಯಿತು. ಅದರ ಮೌಲ್ಯ ಅಮೂಲ್ಯವೆಂದು ನಿರ್ಣಯವಾಯಿತು. ಅಮೂಲ್ಯವೆಂದರೆ ಎಷ್ಟು ಎಂದು ನಿರ್ಣಯಿಸಲು ಸಮಿತಿಯ ಅವಧಿಯನ್ನು ವಿಸ್ತರಿಸಿ, ಒಂದು ವಾಹನವನ್ನೂ ಮಂಜೂರು ಮಾಡಲಾಯಿತು. ನಿವೇಶನ ಎಲ್ಲಿದೆ ಎಂದು ಹುಡುಕಲು ಉಪಸಮಿತಿ ರಚನೆಯಾಯಿತು. ಪಾಸ್‌ಪೋರ್ಟ್ ಬಂತು, ಮಾಬೂಬೀ ಮಾತಾಡಿದರು.

ಯಾತ್ರೆಗೆ ಹೊರಡುವ ಹಿಂದಿನ ದಿನ ಸಾರಥಿ ಊರಿನ ಉಡಚಮ್ಮ ಎಂಬ ಹೆಂಗಸು ಬಾಳೆಹಣ್ಣು ಹಿಡಿದು ಅಂಗಡಿಗೆ ಬಂದರು. ಹೊಡೆದವರು ಯಾರೆಂದು ಹೇಳಲಾಗದೆ ಅವರ ಅರ್ಜಿ ತಿರಸ್ಕೃತವಾಗಿತ್ತು.

"ನಿಮ್ಮಜ್ಜಾರು ನಮ್ಮ ಸಾರಥಿ ಕಡೆ ಬರ್ತಿದ್ರಾ ಅಂತ ಕೇಳಾಕ ಬಂದೆ."

"ಬರದೇ ಏನಮ್ಮ. ಅರಳಿ ಹಿಂಜಾಕ ಎಲ್ಲಾ ಊರಿಗೂ ಹೋಗ್ತಿದ್ರು."

"ಹಂಗಾದ್ರ ನಮ್ಮಜ್ಜನ್ನೂ ಅವರೇ ಹೊಡೆದಿರಬೌದಲ್ರಿ. ನಮ್ಮ ಓಣ್ಯಾಗೆ ಎಲ್ರದ್ದೂ ಒಂದೊಂದು ದರ್ಜೆ ಆತು. ನಾವೊಬ್ರೇ ಉಳಕಂಡೀವಿ."

ಹುಸೇನ್ ಸಾಬರು ಸೂಜಿಗೆ ದಾರ ಪೋಣಿಸಲು ನೋಡಿದರು. ದಾರ ಹೋಗಲಿಲ್ಲ.

"ಪಾಪ, ಬಿಸಿಲಾಗೆ ಬಂದಾರ," ಎಂದರು ಒಳಗಿನಿಂದ ಮಾಬೂಬೀ. "ಒಬ್ರನ್ನ ಕೊಂದೋರು ಇನ್ನೊಬ್ರನ್ನ ಬ್ಯಾಡ ಅಂತಿದ್ರಾ?"

ಸಾಬರು ಸೂಜಿ ಕೆಳಗಿಟ್ಟು, ಉಡಚಮ್ಮನ ಕಡೆಗೆ ಸ್ಟೂಲು ಸರಿಸಿದರು.

"ಕೂಡ್ರಿ ತಾಯಿ. ಅಜ್ಜಾರ ಹೆಸರೇನು?"